ತಳ ಹತ್ತಿದ ಪಾಕ

ಕಲಘಟಗಿ ತಾಲೂಕಿನ ಅಡವಿ ಅಂಚಿನ ಊರೊಂದಕ್ಕೆ ಶಾಲೆಯ ಶಿಕ್ಷಕಿಯಾಗಿ ವರ್ಗವಾಗಿ ಬಂದಾಗ ನನಗೆ ಮೂವತ್ತೆಂಟು ವರ್ಷ. ಹುಟ್ಟಿ ಬೆಳೆದದ್ದು ಅಣ್ಣಿಗೇರಿ ಕಡೆಯ ಕಪ್ಪು ಎರೆ ಹೊಲಗಳ ನಡುವೆ. ಅಲ್ಲಿ ಕಣ್ಣು ಹೋದಷ್ಟು ದೂರ ಕಡಲೆ, ಕುಸುಬಿ, ಹತ್ತಿ. ನೆರಳು ಬೇಕೆಂದರೆ ಒಂದು ಬೇವಿನ ಗಿಡ ಹುಡುಕಿಕೊಂಡು ನಡೆಯಬೇಕು. ಇಲ್ಲಿ ಶಾಲೆಯ ಹಿತ್ತಲಿನಿಂದಲೇ ಗಿಡಗಂಟಿ ಶುರುವಾಗುತ್ತಿತ್ತು. ಮೊದಲ ಆರು ತಿಂಗಳು ಅಷ್ಟೊಂದು ಹಸಿರು ನೋಡಿ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಮನೆ ಹುಡುಕಿಕೊಟ್ಟವರು ಮುಖ್ಯೋಪಾಧ್ಯಾಯರು. ಉದ್ದನೆಯ ಹಂಚಿನ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಪಾಲು ಮಾಡಿದ್ದರು. ಒಂದರಲ್ಲಿ ಮನೆಯೊಡತಿ, ಇನ್ನೊಂದು ಬಾಡಿಗೆಗೆ. ಗೋಡೆ ಸೂರಿನ ತನಕ ಹೋಗಿರಲಿಲ್ಲ. ಮೇಲೆ ಎರಡು ಮೊಳ ಜಾಗ ಬಿಟ್ಟಿತ್ತು. ಆಕೆಯ ಒಗ್ಗರಣೆ ನನ್ನ ಕಡೆಗೆ ಬರುತ್ತಿತ್ತು, ನನ್ನ ಸೀನು ಆಕೆಯ ಕಡೆಗೆ ಹೋಗುತ್ತಿತ್ತು.

ಮನೆಯೊಡತಿ ಅರವತ್ತು ದಾಟಿದ ಮುಸಲ್ಮಾನರ ಹೆಂಗಸು. ಊರಿನವರೆಲ್ಲ ಆಕೆಯನ್ನು ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ಬಳೆಯ ಮಲಾರ ಹೊತ್ತು ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗಿದವನು, ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಅಳ್ನಾವರಕ್ಕೆ ಕೊಟ್ಟಿದ್ದರು. ಚಾಚಿ ಮಗಳೊಡನೆ ಫೋನಿನಲ್ಲಿ ಉರ್ದುವಿನಲ್ಲಿ ಮೆತ್ತಗೆ ಮಾತಾಡುತ್ತಿದ್ದಳು, ನನ್ನೊಡನೆ ಕನ್ನಡದಲ್ಲಿ ಕಟುವಾಗಿ. ಮೊದಲ ವಾರವೇ ಗೋಡೆಯ ಆಚೆಯಿಂದ, ನಿಮ್ಮ ಬ್ಯಾಳಿ ಬೆಂದಿಲ್ರಿ ಅಕ್ಕೋರ, ಎಂದಿದ್ದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ವಾಡಿಕೆ. ಬೇಳೆ ಬೆಂದಿಲ್ಲ ಎಂಬುದು ವಾಸನೆಯಿಂದಲೇ ಗೊತ್ತಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು.

ನನ್ನ ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನೋಡಲು ಬಂದವರು ಬಂದರು, ಹೋದವರು ಹೋದರು. ಅಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಳು. ಆಕೆ ಹೋಗುವ ಹೊತ್ತಿಗೆ ಬರುವವರು ನಿಂತಿದ್ದರು. ಬೇಸಿಗೆ ರಜೆಗೆ ಅಣ್ಣನ ಮನೆಗೆ ಹೋಗುತ್ತಿದ್ದೆ. ಅಣ್ಣನ ಹೆಣ್ಣುಮಕ್ಕಳು ದೊಡ್ಡವರಾದಂತೆ ನನ್ನ ಹಾಸಿಗೆ ಕೋಣೆಯಿಂದ ಪಡಸಾಲೆಗೆ ಬಂತು. ಬರಬೇಡ ಎಂದು ಯಾರೂ ಅನ್ನಲಿಲ್ಲ. ಬಂದ ಎರಡನೆಯ ದಿನ, ಹೋಗೂದು ಯಾವಾಗ ಎಂದು ಮಾತ್ರ ಪ್ರೀತಿಯಿಂದಲೇ ಕೇಳುತ್ತಿದ್ದರು. ಮೂರನೆಯ ವರ್ಷ ಎಂಟೇ ದಿನಕ್ಕೆ ತಿರುಗಿ ಬಂದೆ. ಚಾಚಿ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಯಾಕೆ ಇಷ್ಟು ಲಗೂನ ಎಂದು ಕೇಳಲಿಲ್ಲ. ನಾಳೆ ಕವಳಿ ಹಣ್ಣು ಬರ್ತಾವ, ನಿಮ್ಮ ಕಡೆ ದೊಡ್ಡ ಬೋಗುಣಿ ಐತೇನು ಎಂದಳು.

ಹಾಗೆ ಶುರುವಾಯಿತು ನಮ್ಮ ಶರಬತ್ತು. ಮೇ ತಿಂಗಳಲ್ಲಿ ಅಡವಿ ಕಡೆಯಿಂದ ಎಮ್ಮೆ ಸಾಕುವ ಗೌಳಿ ಹೆಂಗಸರು ಬುಟ್ಟಿಯಲ್ಲಿ ಕವಳಿ ಹಣ್ಣು ತರುತ್ತಿದ್ದರು. ಕರ್ರಗೆ, ಗುಂಡಗೆ, ಬೆರಳ ತುದಿಯಷ್ಟು. ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತದೆ, ಬೆರಳಿಗೆ ಅಂಟಿದರೆ ಸಾಬೂನಿಗೂ ಹೋಗುವುದಿಲ್ಲ. ಮೊದಲೇ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಹಣ್ಣನ್ನು ಮೂರು ನೀರಿನಲ್ಲಿ ತೊಳೆದು, ಮುಳುಗುವಷ್ಟೇ ನೀರು ಹಾಕಿ, ಸಿಪ್ಪೆ ಒಡೆಯುವ ತನಕ ಬೇಯಿಸಿ, ಆರಿದ ಮೇಲೆ ಹಳೆಯ ತೆಳು ಅರಿವೆಯಲ್ಲಿ ಹಿಂಡಬೇಕು. ಗಾಢ ಕೆಂಪು ರಸ ಇಳಿಯುತ್ತದೆ. ಅದಕ್ಕೆ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಪಾಕ ಮಾಡುವುದು. ಏಲಕ್ಕಿ, ಒಂದು ತುಣುಕು ಶುಂಠಿ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟರೆ ಹರಿಯದೆ ನಿಲ್ಲಬೇಕು. ಆರಿಸಿ ಬಾಟಲಿಗೆ ತುಂಬಿಟ್ಟರೆ ಮಳೆಗಾಲ ಮುಗಿಯುವ ತನಕ ಕೆಡುವುದಿಲ್ಲ. ಎರಡು ಚಮಚೆ ಪಾಕಕ್ಕೆ ಒಂದು ಲೋಟ ಗಡಿಗೆಯ ನೀರು.

ಚಾಚಿಯದು ಒಂದೇ ಕಟ್ಟಪ್ಪಣೆ. ಪಾಕ ಒಲೆಯ ಮೇಲಿದ್ದಾಗ ಬಾಗಿಲಿಗೆ ಯಾರೇ ಬರಲಿ, ಏಳಬಾರದು.

ಕೆಲವು ವರ್ಷ ರಂಜಾನಿನ ಉಪವಾಸ ಮೇ ತಿಂಗಳಲ್ಲೇ ಬಂತು. ಆ ಬಿಸಿಲಿನಲ್ಲಿ ಚಾಚಿ ಹನಿ ನೀರೂ ಮುಟ್ಟದೆ ಒಲೆಯ ಮುಂದೆ ಕೂತು ಕೈಯಾಡಿಸುತ್ತಿದ್ದಳು. ರುಚಿ ನೋಡುವ ಹಾಗಿರಲಿಲ್ಲವಲ್ಲ, ಅದು ನನ್ನ ಕೆಲಸವಾಯಿತು. ಹುಳಿ ಇನ್ನೂ ಮುಂದೈತಿ, ಏಲಕ್ಕಿ ಸಾಕು, ಎಂದು ನಾನು ಹೇಳುತ್ತಿದ್ದೆ. ಆಕೆ ನನ್ನ ಮಾತಿನ ಮೇಲೆಯೇ ಸಕ್ಕರೆ ಸುರಿಯುತ್ತಿದ್ದಳು, ಎರಡನೆಯ ಸಲ ಕೇಳುತ್ತಿರಲಿಲ್ಲ. ನನ್ನ ಮಾತನ್ನು ಅಷ್ಟು ನಂಬಿದವರು ನನ್ನ ಜೀವನದಲ್ಲಿ ಬೇರೆ ಯಾರೂ ಇರಲಿಲ್ಲ. ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ನಾನೇ ಲೋಟದಲ್ಲಿ ಕಲಸಿ ಗೋಡೆಯ ಆಚೆಗೆ ಒಯ್ದುಕೊಡುತ್ತಿದ್ದೆ. ಖರ್ಜೂರ ತಿಂದು ಒಂದು ಗುಟುಕು ಕುಡಿದು, ಬರೋಬ್ಬರಿ ಐತಿ ಎನ್ನುತ್ತಿದ್ದಳು. ಅಷ್ಟೇ.

ಕೊರೊನಾ ಜ್ವರ ಊರಿಗೆ ಎರಡನೆಯ ಸಲ ಬಂದಾಗ ನನಗೂ ಬಂತು. ಹದಿನೈದು ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗಿದ್ದೆ. ಚಾಚಿ ಹೊಸ್ತಿಲ ಹೊರಗೆ ಗಂಜಿ ಇಟ್ಟು, ಗೋಡೆಯ ಆಚೆಗೆ ಹೋಗಿ, ಕುಡದ್ರೇನು ಎಂದು ಕೇಳುತ್ತಿದ್ದಳು. ನಾನು ಹೂಂ ಅನ್ನುವ ತನಕ ಬಿಡುತ್ತಿರಲಿಲ್ಲ. ಆ ಗಂಜಿಗೆ ರುಚಿ ಇರಲಿಲ್ಲ. ಜ್ವರದ ಬಾಯಿ ಎಂದುಕೊಂಡೆ. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಸಾಬೂನು ಹಚ್ಚಿ ಮುಖ ತೊಳೆಯುತ್ತಿದ್ದೆ. ನೀರು ಹಾಕಿಕೊಂಡ ಹಾಗಷ್ಟೇ ಆಯಿತು. ಸಾಬೂನನ್ನು ಮೂಗಿಗೆ ಹಿಡಿದೆ. ಕಲ್ಲಿನ ತುಂಡು ಹಿಡಿದಂತಿತ್ತು. ಬೆಳ್ಳುಳ್ಳಿ, ಕೊಬ್ಬರಿ ಎಣ್ಣೆ, ಊದುಬತ್ತಿ, ಒಂದೊಂದಾಗಿ ಮೂಸಿದೆ. ಏನೂ ಇಲ್ಲ. ನಾಲಿಗೆಗೆ ಉಪ್ಪು ತಿಳಿಯುತ್ತಿತ್ತು, ಸಿಹಿ, ಹುಳಿ, ಖಾರ ತಿಳಿಯುತ್ತಿತ್ತು. ಪದಾರ್ಥ ಮಾತ್ರ ಯಾವುದೆಂದು ತಿಳಿಯುತ್ತಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಆ ವರ್ಷ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಯ ಗಂಡ ಹುಬ್ಬಳ್ಳಿಯಲ್ಲಿ ತೀರಿಕೊಂಡಿದ್ದ. ಅವಳೆದುರು ನಿಂತು ನನಗೆ ಸಾಬೂನಿನ ವಾಸನೆ ಬರುತ್ತಿಲ್ಲ ಎಂದು ಹೇಗೆ ಅನ್ನಲಿ? ಕಲಘಟಗಿಯ ಡಾಕ್ಟರು ಬರ್ತದ, ತಡೀರಿ ಎಂದರು. ತಡೆದೆ. ನನ್ನ ಮೈಯ ವಾಸನೆ ಹೇಗಿದೆಯೋ ಎಂಬ ಹೆದರಿಕೆಗೆ ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದೆ. ಶಾಲೆಯಲ್ಲಿ ಯಾರಾದರೂ ಕುರ್ಚಿ ಸರಿಸಿಕೊಂಡು ದೂರ ಕೂತರೆ ಅವತ್ತೆಲ್ಲ ಅದೇ ಯೋಚನೆ. ಸೀರೆ ಮೂಸಿ ನೋಡಿ, ಅಡುಗೆಮನೆಯಲ್ಲಿ ಏನಾದರೂ ಕೆಟ್ಟಿದೆಯೇ ನೋಡಿ ಎಂದು ಕೇಳಲು ಮನೆಯಲ್ಲಿ ಇನ್ನೊಂದು ಮೂಗು ಇರಲಿಲ್ಲ. ಒಂಟಿಯಾಗಿದ್ದೇನೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆದರೆ ಅದು ಇಷ್ಟು ಸಣ್ಣ ಸಣ್ಣ ಜಾಗಗಳಲ್ಲಿ ಚುಚ್ಚುತ್ತದೆ ಎಂದು ಗೊತ್ತಿರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಚಾಚಿ ಊರಲ್ಲಿರಲಿಲ್ಲ. ಮೊಮ್ಮಗಳ ಬಾಣಂತನಕ್ಕೆ ಅಳ್ನಾವರಕ್ಕೆ ಹೋಗಿದ್ದಳು. ಗೌಳಿ ಹೆಂಗಸರು ರೂಢಿಯ ಪ್ರಕಾರ ಬಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದರು. ಬೇಡ ಅನ್ನಲು ಬಾಯಿ ಬರಲಿಲ್ಲ. ಇಷ್ಟು ವರ್ಷ ಮಾಡಿದ್ದೇನೆ, ಕಣ್ಣಳತೆಯಲ್ಲೇ ಮಾಡಬಲ್ಲೆ, ಚಾಚಿ ಬಂದಾಗ ಬಾಟಲಿ ಸಾಲಾಗಿ ಇಟ್ಟು ತೋರಿಸೋಣ ಎನಿಸಿತು.

ಹಣ್ಣು ತೊಳೆದೆ, ಬೇಯಿಸಿದೆ, ಹಿಂಡಿದೆ. ಪಾಕ ಒಲೆಯ ಮೇಲಿದ್ದಾಗ ಫೋನು ಬಂತು. ಅಣ್ಣನದು. ನನ್ನ ಮನೆಯ ಒಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಮಾತಾಡಲು ಅಂಗಳಕ್ಕೆ ಹೋಗಬೇಕು. ಅಣ್ಣ ಫೋನು ಮಾಡುವುದು ಅಪರೂಪ, ಹಾಗಾಗಿ ಎದ್ದೆ. ಹಿರಿಯ ಮಗಳ ಲಗ್ನ ಗೊತ್ತಾಗಿದೆ ಎಂದು ಹೇಳಿದ. ನಿಶ್ಚಯ ಮುಗಿದು ವಾರವಾಗಿತ್ತಂತೆ. ಗಡಿಬಿಡಿಯಲ್ಲಿ ತಿಳಿಸಲು ಆಗಲಿಲ್ಲವಂತೆ. ಲಗ್ನದ ಹಿಂದಿನ ದಿನ ಬಾ ಎಂದ. ಎತ್ತಿ ಆಡಿಸಿದ ಹುಡುಗಿ. ನಾನು ಸಂತೋಷ ಎಂದೆ, ವರ ಏನು ಮಾಡುತ್ತಾನೆ ಕೇಳಿದೆ, ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದೆ. ಒಳಗೆ ಬಂದಾಗ ಪಾಕ ಕುದಿಯುತ್ತಿತ್ತು. ಬಣ್ಣ ಕೊಂಚ ಕಪ್ಪಾಗಿ ಕಂಡಿತು. ಕವಳಿ ಹಣ್ಣಲ್ಲವೇ, ಕಪ್ಪೇ ಇರುತ್ತದೆ ಎಂದುಕೊಂಡೆ. ಹನಿ ಬಿಟ್ಟು ನೋಡಿದೆ, ನಿಂತಿತು. ಬಾಯಿಗೆ ಹಚ್ಚಿದೆ. ಸಿಹಿ ಇತ್ತು, ಹುಳಿ ಇತ್ತು, ತುದಿಗೆ ಚೂರು ಕಹಿ. ಬಾಯಿಯದೇ ಕಹಿ ಇರಬೇಕು ಎಂದು ಬಿಟ್ಟೆ.

ಆರು ಬಾಟಲಿ ಆಯಿತು. ಮುಖ್ಯೋಪಾಧ್ಯಾಯರ ಮನೆಗೆ, ಆಸ್ಪತ್ರೆಯ ನರ್ಸಿಗೆ, ಕಿರಾಣಿ ಅಂಗಡಿಯ ಮನೆಗೆ, ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳಿಗೆ ಒಂದೊಂದು ಕೊಟ್ಟೆ. ಎರಡು ದಿನ ಬಿಟ್ಟು ಎಲ್ಲರೂ ಚೊಲೊ ಆಗೇತ್ರಿ ಎಂದರು. ಮುಖ್ಯೋಪಾಧ್ಯಾಯರ ಹೆಂಡತಿ, ಹೇಗೆ ಮಾಡುವುದು ಬರೆದುಕೊಡಿ ಎಂದು ಚೀಟಿ ಕೂಡ ಬರೆಸಿಕೊಂಡರು. ಎಷ್ಟೋ ತಿಂಗಳ ಮೇಲೆ ನನಗೆ ಹುರುಪು ಬಂತು. ಮೂಗು ಹೋದರೇನು, ಕೈ ಇದೆಯಲ್ಲ ಎಂದು ಒಬ್ಬಳೇ ಕೂತು ಸಂಜೆ ಸಂಜೆ ಲೋಟ ತುಂಬಿ ಕುಡಿದೆ.

ಜೂನಿನಲ್ಲಿ ಚಾಚಿ ಬಂದಳು. ಗಂಟು ಇಳಿಸುವ ಮೊದಲೇ ನಾನು ಬಾಟಲಿ ಒಯ್ದೆ. ಆಕೆ ಬಿರಡೆ ತೆಗೆದಳು, ನನ್ನ ಮುಖ ನೋಡಿದಳು, ಬೆರಳಿಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು.

“ಅಕ್ಕೋರ, ಇದು ತಳ ಹತ್ತೇತಿ” ಎಂದಳು.

ಇಲ್ಲ ಎಂದೆ. ಎಲ್ಲರೂ ಚೊಲೊ ಆಗಿದೆ ಎಂದರು ಎಂದೆ.

“ಇಲ್ಲ ಅಂದ್ರ? ಬಿರಡಿ ತಗದ ಕೂಡ್ಲೆ ಸುಟ್ಟ ವಾಸನಿ ಬಂತಲ್ರಿ. ನೀವು ಮೂಸಿ ನೋಡಿಲ್ಲೇನು?”

ಚಾಚಿ ಎದ್ದು ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದಳು. ಕಣ್ಣು ಮುಚ್ಚಲು ಹೇಳಿ ಅದನ್ನು ಮೂಗಿನ ಹತ್ತಿರ ಹಿಡಿದಳು. ಏನಿದು ಎಂದು ಕೇಳಿದಳು. ಗೊತ್ತಾಗುತ್ತಿಲ್ಲ ಎಂದೆ. ಕಣ್ಣು ಬಿಟ್ಟರೆ ಇಂಗಿನ ಡಬ್ಬಿ.

“ಎಷ್ಟ ದಿನಾತು?”

“ಒಂದ ವರ್ಷ ಆತು ಚಾಚಿ. ಆ ಜ್ವರದಾಗ ಹೋತು.”

ಆಕೆ ಡಬ್ಬಿಯ ಮುಚ್ಚಳ ಹಾಕಿದಳು. “ಒಂದ ವರ್ಷ ಈ ಗ್ವಾಡಿ ಆಚಿ ಕಡಿ ನಾ ಇದ್ದೆ” ಎಂದಳು. “ಹೇಳಲಿಲ್ಲ ನೀವು.”

ಅದು ಸಿಟ್ಟು. ಎರಡು ದಿನ ಗೋಡೆಯ ಆಚೆಯಿಂದ ಮಾತು ಬರಲಿಲ್ಲ.

ಆ ಎರಡು ದಿನ ನಾನು ಬಾಟಲಿಗಳ ಬಗ್ಗೆಯೇ ಯೋಚಿಸಿದೆ. ಶಾಲೆ ಶುರುವಾಗಿತ್ತು. ಬಿಸಿಯೂಟದ ಹೆಣ್ಣುಮಗಳನ್ನು ಒಬ್ಬಳೇ ಇರುವಾಗ ಹಿಡಿದು, ಶರಬತ್ತು ಸುಟ್ಟಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು. “ಅಕ್ಕೋರು ಪ್ರೀತಿಲೆ ಕೊಟ್ಟಾರ, ಏನಂತ ಹೇಳೂದ್ರಿ?” ಎಂದಳು. ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಿದ್ದಳಂತೆ. ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು. ಆದರೆ ಮನೆಗೆ ನಡೆಯುವಾಗ ನಗೆ ಉಳಿಯಲಿಲ್ಲ. ಈ ಊರಲ್ಲಿ ನನಗೆ ಯಾರೂ ಒಂದು ಮಾತು ಎದುರಾಡುವುದಿಲ್ಲ. ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಾರೆ, ಅಂಗಡಿಯಲ್ಲಿ ಮೊದಲು ನನಗೇ ತೂಗುತ್ತಾರೆ. ಅದನ್ನು ನಾನು ಹತ್ತು ವರ್ಷ ಹಮ್ಮಿನಿಂದಲೇ ಅನುಭವಿಸಿದ್ದೆ. ನಾಲ್ಕು ಮನೆಯವರೂ ಸುಟ್ಟ ಪಾಕವನ್ನು ಬಾಯಿಗಿಟ್ಟು, ನನ್ನ ಮುಖ ನೋಡಿ, ಚೊಲೊ ಆಗಿದೆ ಎಂದಿದ್ದರು. ಇನ್ನು ನಾನು ಬೇರೆ ಏನೇನು ಸುಟ್ಟಿದ್ದೇನೋ, ಯಾರು ಹೇಳಬೇಕು?

ಮೂರನೆಯ ದಿನ ಮುಂಜಾನೆ ಗೋಡೆಯ ಮೇಲಿನಿಂದ ಚಾಚಿಯ ದನಿ ಬಂತು. ಒಲೆಯ ಮೇಲೆ ಹಾಲು ತಳ ಹಿಡಿಯುತ್ತಿದೆ, ನೋಡಿರಿ ಎಂದಳು. ಓಡಿದೆ. ನಿಜವಾಗಿಯೂ ಹಿಡಿಯುತ್ತಿತ್ತು.

ಅಲ್ಲಿಂದ ಮುಂದೆ ಎರಡು ವರ್ಷ ನನ್ನ ಅಡುಗೆಮನೆಯ ಮೂಗು ಚಾಚಿ. ಇವತ್ತು ಸಾರಿನ ವಾಸನಿ ಏನೂ ಚೊಲೊ ಇಲ್ಲ, ಮೂಲ್ಯಾಗ ಇಲಿ ಸತ್ತೇತಿ, ಒಣಗದ ಸೀರಿ ಉಟ್ಟೀರಿ ಬದಲಿ ಮಾಡ್ರಿ, ಎಂದು ಮುಲಾಜಿಲ್ಲದೆ ಹೇಳುತ್ತಿದ್ದಳು. ಕನಿಕರದ ಮಾತು ಒಂದೂ ಆಡಲಿಲ್ಲ. ಶರಬತ್ತನ್ನು ಇಬ್ಬರೂ ಸೇರಿ ಮಾಡಿದೆವು. ನಾನು ಕೈಯಾಡಿಸುವುದು, ಆಕೆ ಬಾಜೂ ಕೂತು ಹೇಳುವುದು. ಸೀರೆಯ ಮಾತಿಗೆ ಮೊದಲ ಸಲ ಮೋರೆ ಸಣ್ಣದಾಗಿತ್ತು. ಆದರೆ ಅವತ್ತಿನಿಂದ ದಿನಕ್ಕೆ ಎರಡು ಸಲ ಸ್ನಾನ ಮಾಡುವುದನ್ನು ಬಿಟ್ಟೆ.

ಆಮೇಲೆ ಚಾಚಿಯ ಮೊಣಕಾಲು ಕೈಕೊಟ್ಟವು. ಬಾವಿಯ ಕಟ್ಟೆ ಹತ್ತಲು ಆಗದಾಯಿತು. ಮಗಳು ಬಂದು ಕರೆದುಕೊಂಡು ಹೋದಳು. ಹೋಗುವಾಗ ಚಾಚಿ ತನ್ನ ಪಾಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಳು. ದೀಪಾವಳಿಯ ಹೊತ್ತಿಗೆ ಬರ್ತೀನ್ರಿ ಎಂದಳು. ಬರಲಿಲ್ಲ. ಫೋನು ಮಾಡಿದರೆ ಕಿವಿ ಮಂದವಾದ್ದರಿಂದ ಮಗಳೇ ಉತ್ತರ ಕೊಡುತ್ತಿದ್ದಳು. ಗೋಡೆಯ ಆಚೆ ಸದ್ದಿಲ್ಲದ ಮನೆಯ ಪಕ್ಕದಲ್ಲಿ ಬದುಕುವುದು ಹೊಲದ ನಡುವಿನ ಒಂಟಿ ಮನೆಯಲ್ಲಿ ಬದುಕುವುದಕ್ಕಿಂತ ಕಷ್ಟ. ಒಂದು ಬೆಳಿಗ್ಗೆ ಹಾಲು ಉಕ್ಕಿ ಗ್ಯಾಸಿನ ಉರಿ ಆರಿಹೋಗಿತ್ತು. ನಾನು ಅದೇ ಕೋಣೆಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೊಸರು ಮಾರುವ ಹೆಂಗಸು ಬಾಗಿಲಿಗೆ ಬಂದವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಆಗ ತಿಳಿಯಿತು. ಗ್ಯಾಸಿನ ಗುಬ್ಬಿ ತಿರುವಿ ಬಂದ್ ಮಾಡಿ, ಕಿಟಕಿಗಳನ್ನು ತೆರೆದು, ಹೊರಗೆ ಕಟ್ಟೆಯ ಮೇಲೆ ಕೂತೆ. ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು. ಅವತ್ತು ಶಾಲೆಗೆ ಹೋಗಿ ಪಾಠ ಮಾಡಿದೆ, ಇದನ್ನು ಯಾರಿಗೂ ಹೇಳಲಿಲ್ಲ. ಎರಡನೆಯ ಸಲ ಅದೇ ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಹೇಳಲು ಯಾರ ಹೆಸರೂ ನೆನಪಿಗೆ ಬರಲಿಲ್ಲ.

ಈ ವರ್ಷದ ಮೇ ತಿಂಗಳಲ್ಲಿ ಒಬ್ಬಳೇ ಶರಬತ್ತು ಮಾಡಿದೆ. ಫೋನನ್ನು ಆರಿಸಿ ಟ್ರಂಕಿನೊಳಗೆ ಇಟ್ಟೆ. ಒಲೆಯ ಮುಂದಿನಿಂದ ಕದಲಲಿಲ್ಲ. ಎರಡು ಬಾಟಲಿ ತುಂಬಿ, ಟವೆಲ್ಲಿನಲ್ಲಿ ಸುತ್ತಿ, ಧಾರವಾಡದ ತನಕ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಅಳ್ನಾವರಕ್ಕೆ ಹೋದೆ. ಹೇಳದೆಯೇ ಹೋಗಿದ್ದೆ. ಚಾಚಿಯ ಮಗಳ ಮನೆ ಬಟ್ಟೆ ಅಂಗಡಿಯ ಹಿಂದೆ. ಚಾಚಿ ಮುಂದಿನ ಕೋಣೆಯ ಮಂಚದ ಮೇಲೆ ಕೂತಿದ್ದಳು, ಬಹಳ ಸಣ್ಣಗಾಗಿದ್ದಳು. ನನ್ನನ್ನು ನೋಡಿ ಅಳಲಿಲ್ಲ. ಬಂದ್ರಿ ಎಂದು ಮಂಚದ ಮೇಲೆ ಜಾಗ ಮಾಡಿಕೊಟ್ಟಳು.

ಲೋಟದಲ್ಲಿ ಕಲಸಿ ಕೊಟ್ಟೆ. ತುಟಿಗೆ ಹಚ್ಚಿ, “ಚೊಲೊ ಆಗೇತ್ರಿ ಅಕ್ಕೋರ” ಎಂದಳು.

ಅದನ್ನು ಆಕೆ ಬಲು ಬೇಗ ಹೇಳಿದಳು. ಈ ಮನೆಯಲ್ಲಿ ನಾನು ಅತಿಥಿ, ದೂರದಿಂದ ಬಂದ ಅಕ್ಕೋರು. ಚಾಚಿಯೂ ಊರಿನವರ ಹಾಗೆ ಮಾತಾಡಿದಳು ಎನಿಸಿತು. ತಡೆಯಲಾಗಲಿಲ್ಲ. “ಖರೆ ಹೇಳ್ರಿ ಚಾಚಿ. ಅದಕ್ಕ ಬಂದೇನಿ” ಎಂದೆ.

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ತುಟಿಗೆ ಹಚ್ಚಿದೆ ಅಷ್ಟ. ಕುಡಿಲಿಲ್ಲ. ಸಕ್ಕರಿ ಬ್ಯಾನಿ ಬಂದೇತ್ರಿ ನನಗ, ಮಗಳು ಕಾಯಾಕತ್ತಾಳ” ಎಂದಳು. ಆಮೇಲೆ ಮಗಳನ್ನು ಕರೆದು ಉರ್ದುವಿನಲ್ಲಿ ಏನೋ ಹೇಳಿದಳು. ಮಗಳು ಅದೇ ಲೋಟ ತೆಗೆದುಕೊಂಡು ಮೊದಲು ಮೂಸಿದಳು, ಆಮೇಲೆ ಅರ್ಧ ಕುಡಿದಳು. ತಳ ಹತ್ತಿಲ್ಲ, ಆದರೆ ಸಕ್ಕರೆ ಹೆಚ್ಚಾಗಿದೆ, ಏಲಕ್ಕಿ ಹಳೆಯದು ಎಂದಳು. ಅವಳ ದನಿಯಲ್ಲಿ ತಾಯಿಯದೇ ಕಟುತನವಿತ್ತು. ನನ್ನ ಮೂಗಿನ ವಿಷಯ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಚಿಕೆಯಾಗಲಿಲ್ಲ. ಯಾರೋ ನನ್ನ ಬಗ್ಗೆ ಊಟದ ಹೊತ್ತಿಗೆ ಮಾತಾಡಿದ್ದಾರಲ್ಲ ಎಂದು ಒಂಥರಾ ಆಯಿತು.

ಹೊರಡುವ ಮುಂಚೆ ಚಾಚಿ ನನ್ನ ಕೈ ಹಿಡಿದುಕೊಂಡು, ಇನ್ನು ತಾನು ಆ ಊರಿಗೆ ಬರುವುದು ಆಗುವುದಿಲ್ಲ, ತನ್ನ ಪಾಲನ್ನು ಬಾಡಿಗೆಗೆ ಕೊಡುವುದಾಗಿದೆ ಎಂದಳು. ಒಳ್ಳೆಯ ಮಂದಿಗೆ ಕೊಡಲು ಮಗಳಿಗೆ ಹೇಳಿದ್ದಾಳಂತೆ. ಸಂಜೆಯ ಬೆಳಕು ಇರುವಾಗಲೇ ನಾನು ಊರು ಮುಟ್ಟಿದೆ. ತಿರುಗಿ ಬರುವಾಗ ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಯಾರ ಮನೆಗೆ ಹೋಗಿದ್ದಿರಿ ಎಂದು ಕೇಳಿದಳು. ನಮ್ಮವರ ಮನೆಗೆ ಎಂದೆ.

ಜೂನಿನಲ್ಲಿ ಹೊಸಬರು ಬಂದರು. ಅರಣ್ಯ ಇಲಾಖೆಯ ಕಾವಲುಗಾರ, ಅವನ ಹೆಂಡತಿ. ಆಕೆ ಎರೆ ಸೀಮೆಯ ಗುಡಗೇರಿ ಕಡೆಯವಳು, ಇನ್ನೂ ಇಪ್ಪತ್ತೈದು ಆಗಿರಲಿಕ್ಕಿಲ್ಲ. ಗಂಡ ಅಡವಿಗೆ ಹೋದರೆ ದಿನವಿಡೀ ಒಬ್ಬಳೇ ಇರುತ್ತಾಳೆ. ಸಾಮಾನು ಇಳಿಸಿದ ದಿನವೇ ನಾನು ಕಟ್ಟೆಗೆ ಹೋಗಿ ನಿಂತೆ. ಏನು ಹೇಳಬೇಕೆಂದು ಮುಂಜಾನೆಯಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

“ನೋಡವಾ, ನನಗ ವಾಸನಿ ಬರಂಗಿಲ್ಲ” ಎಂದೆ. “ನನ್ನ ಕಡಿಯಿಂದ ಏನರ ಸುಟ್ಟ ವಾಸನಿ, ಗ್ಯಾಸಿನ ವಾಸನಿ ಬಂದ್ರ ಗ್ವಾಡಿ ಮ್ಯಾಲಿಂದ ಒದರು. ಸಂಕೋಚ ಮಾಡಬ್ಯಾಡ.”

ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಹೂನ್ರಿ ಅಕ್ಕೋರ” ಎಂದಳು.

ಒಂದೂವರೆ ತಿಂಗಳಾಯಿತು. ಆಕೆಯ ಪಾತ್ರೆಯ ಸದ್ದು ಕೇಳುತ್ತದೆ, ಬಳೆಯ ಸದ್ದು ಕೇಳುತ್ತದೆ. ಒಮ್ಮೊಮ್ಮೆ ಅಳುವ ಸದ್ದೂ ಕೇಳಿದಂತಾಗುತ್ತದೆ, ಆಗ ಈಚೆ ನಾನಿದ್ದೇನೆ ಎಂದು ತಿಳಿಯಲೆಂದು ಬೇಕೆಂದೇ ಪಾತ್ರೆಯನ್ನು ಜೋರಾಗಿ ಇಡುತ್ತೇನೆ. ಆಕೆ ಇನ್ನೂ ಒಮ್ಮೆಯೂ ಒದರಿಲ್ಲ. ಏನೂ ಸುಟ್ಟಿಲ್ಲವೋ, ಸುಟ್ಟರೂ ಹೇಳಲು ಹಿಂಜರಿಯುತ್ತಿದ್ದಾಳೋ, ತಿಳಿಯದು. ನಾಳೆ ರವಿವಾರ. ಒಂದು ಕಪ್ ಚಹಾ ಕುಡಿಯಲು ಬಾ ಎಂದು ಕರೆಯಬೇಕೆಂದಿದ್ದೇನೆ.